ಬಳ್ಳಾರಿಯಲ್ಲಿ ಊಟದ ಹೊತ್ತು

ಮಹಾನಗರದಲ್ಲಿ ಉಪಾಹಾರಗೃಹಗಳು ತಮ್ಮ ಇರವನ್ನು ತಾವೇ ಸಾರಿಕೊಳ್ಳುತ್ತವೆ. ಸಣ್ಣ ಹಳ್ಳಿಯಲ್ಲಿ ಒಂದೋ ಎರಡೋ ಇರುವುದರಿಂದ ಆರಿಸಿಕೊಳ್ಳುವ ಶ್ರಮವೇ ಇಲ್ಲ. ಬಳ್ಳಾರಿಯಂತಹ ಮಧ್ಯಮ ಗಾತ್ರದ ನಗರದ ಸಂಗತಿ ಬೇರೆ. 2011ರ ಜನಗಣತಿಯಲ್ಲಿಯೇ ನಾಲ್ಕು ಲಕ್ಷದ ಜನಸಂಖ್ಯೆಯನ್ನು ದಾಟಿದ್ದ ಈ ಊರಿಗೆ, ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆಂದು, ನ್ಯಾಯಾಲಯಕ್ಕೆಂದು, ಜೀನ್ಸ್ ಬಟ್ಟೆಯ ವ್ಯಾಪಾರಕ್ಕೆಂದು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕೆಲಸಕ್ಕೆಂದು ದಿನಂಪ್ರತಿ ಜನ ಬಂದುಹೋಗುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಕಣ್ಣಿಗೆ ಮೊದಲು ಬಿದ್ದ, ದೀಪಾಲಂಕೃತವಾದ ಯಾವುದೋ ಒಂದು ಹೋಟೆಲನ್ನು ಹೊಕ್ಕು, ಭರತಖಂಡದ ಯಾವ ಊರಿನಲ್ಲಿಯಾದರೂ ದೊರೆಯಬಹುದಾದ ಕೆಂಪು ಗೊಜ್ಜನ್ನೂ ಮೈದಾಹಿಟ್ಟಿನ ರೊಟ್ಟಿಯನ್ನೂ ಉಂಡು, ಬಳ್ಳಾರಿಯ ಊಟ ಅಷ್ಟಕ್ಕಷ್ಟೆ ಎಂದು ತೀರ್ಪು ಕೊಟ್ಟು ಹಿಂದಿರುಗುತ್ತಾರೆ. ಆ ತೀರ್ಪು ನ್ಯಾಯವಾದುದಲ್ಲ. ಬಳ್ಳಾರಿಯಲ್ಲಿ ಒಳ್ಳೆಯ ಊಟವಿದೆ. ಆದರೆ ಅದು ಒಂದೊಂದು ಹೊತ್ತಿನಲ್ಲಿ ಒಂದೊಂದು ಮನೆಯಲ್ಲಿರುತ್ತದೆ. ಆ ಹೊತ್ತನ್ನು ಅರಿಯದವನಿಗೆ ಆ ಮನೆಯ ಬಾಗಿಲು ತೆರೆದಿದ್ದರೂ ಪ್ರಯೋಜನವಿಲ್ಲ.

ಊಟದ ಮನೆಯ ಗುಣವನ್ನು ನಿರ್ಣಯಿಸುವುದು ಅಡಿಗೆಯವನ ಕೈಗುಣವಷ್ಟೇ ಅಲ್ಲ, ಅಲ್ಲಿ ಉಣ್ಣಲು ಬರುವವರು ಯಾರೆಂಬುದು ಕೂಡ. ಒಮ್ಮೆ ಬಂದು ಮತ್ತೆಂದೂ ಬಾರದ ಪಥಿಕನನ್ನೇ ನಂಬಿದ ಹೋಟೆಲಿಗೆ ಚೆನ್ನಾಗಿ ಅಡಿಗೆ ಮಾಡಲೇಬೇಕೆಂಬ ನಿರ್ಬಂಧವಿಲ್ಲ. ಅವನು ಬೇಸರಗೊಂಡು ಹೋದರೆ ನಾಳೆಯ ರೈಲಿನಲ್ಲಿ ಇನ್ನೊಬ್ಬನು ಬರುತ್ತಾನೆ. ದಿನಾಲೂ ಅದೇ ಮುಖಗಳನ್ನು ಕಾಣುವ ಖಾನಾವಳಿಯಾದರೋ ಎರಡು ದಿನ ಸಾರು ಕೆಡಿಸಿದರೆ ಮೂರನೆಯ ದಿನ ಎಲೆಗಳು ಖಾಲಿ ಉಳಿಯುವುದನ್ನು ಕಣ್ಣಾರೆ ಕಾಣಬೇಕಾಗುತ್ತದೆ. ಆದುದರಿಂದ ಪರಸ್ಥಳದಿಂದ ಬಂದವನು ಅರಸಬೇಕಾದುದು ಹೋಟೆಲನ್ನಲ್ಲ, ನಿತ್ಯದ ಗಿರಾಕಿಯನ್ನು. ಕೃಷಿ ಮಾರುಕಟ್ಟೆಯ ಹಮಾಲರು, ಲಾರಿಯ ಚಾಲಕರು, ಕೋರ್ಟಿನ ಗುಮಾಸ್ತರು, ಬಟ್ಟೆ ಅಂಗಡಿಯ ಹುಡುಗರು, ಆಸ್ಪತ್ರೆಯಲ್ಲಿ ರೋಗಿಯ ಶುಶ್ರೂಷೆಗೆಂದು ವಾರಗಟ್ಟಲೆ ನಿಂತವರು, ಇವರ ಕಿಸೆಯಲ್ಲಿ ಹಣ ಪರಿಮಿತ, ಹಸಿವು ನಿಜವಾದುದು. ಇವರು ಸಾಲಾಗಿ ನಿಲ್ಲುವ ಕಡೆ ಅನ್ನ ಹಳಸಿರುವುದು ಅಪರೂಪ.

ಟೈರು ತಯಾರಿಸುತ್ತಿದ್ದ ಫ್ರಾನ್ಸಿನ ಮಿಷೆಲಿನ್ ಸಂಸ್ಥೆಯು 1900ರಲ್ಲಿ ಮೋಟಾರು ಪ್ರಯಾಣಿಕರಿಗೆಂದು ಒಂದು ಕೈಪಿಡಿಯನ್ನು ಹೊರತಂದು, 1926ರಿಂದ ಉತ್ತಮ ಭೋಜನಗೃಹಗಳಿಗೆ ನಕ್ಷತ್ರದ ಗುರುತನ್ನು ಕೊಡತೊಡಗಿತು. ಇಂದು ಅಂತಹ ನಕ್ಷತ್ರಗಳನ್ನು ಎಲ್ಲರೂ ಎಲ್ಲದಕ್ಕೂ ಮೊಬೈಲಿನಲ್ಲಿ ಕೊಡುತ್ತಾರೆ. ಅವನ್ನು ನಾನು ಹಳಿಯುವುದಿಲ್ಲ. ಆದರೆ ಮಧ್ಯಾಹ್ನ ರೊಟ್ಟಿಯುಂಡು ಮೂಟೆ ಹೊರಲು ಹೋಗುವ ಹಮಾಲನು ತನ್ನ ಖಾನಾವಳಿಗೆ ನಕ್ಷತ್ರ ಕೊಡಲು ಕುಳಿತಿರುವುದಿಲ್ಲ, ಮತ್ತು ಅಂತಹ ಖಾನಾವಳಿಗಳಲ್ಲಿ ಹಲವಕ್ಕೆ ನೆಟ್ಟಗೆ ಒಂದು ಫಲಕವೂ ಇರುವುದಿಲ್ಲ. ಬಾಯಿಬಿಟ್ಟು ಕೇಳುವುದೇ ಇಲ್ಲಿ ಸಾಧುವಾದ ಮಾರ್ಗ. ಕೇಳುವುದರಲ್ಲಿಯೂ ಒಂದು ವಿವೇಕವುಂಟು. "ಇಲ್ಲಿ ಒಳ್ಳೇ ಹೋಟೆಲ್ ಯಾವುದು?" ಎಂದರೆ, ಅಂಗಡಿಯವನು ನಿಮ್ಮ ಉಡುಗೆಯನ್ನು ನೋಡಿ, ಮರ್ಯಾದೆಗೆಂದು, ತಾನೆಂದೂ ಕಾಲಿಡದ ಹವಾನಿಯಂತ್ರಿತ ಹೋಟೆಲಿನ ದಾರಿಯನ್ನು ತೋರಿಸುತ್ತಾನೆ. "ಅಣ್ಣಾ, ನೀವು ಮಧ್ಯಾಹ್ನ ಎಲ್ಲಿ ಉಣ್ತೀರಿ?" ಎಂದು ಕೇಳಿದರೆ ಉತ್ತರವೇ ಬೇರೆ: "ಆ ಓಣಿಯಾಗ ಹೋಗ್ರಿ, ಎಡಕ್ಕೆ ಐತಿ. ಒಂದೂವರಿ ಒಳಗ ಹೋಗ್ರಿ ಮತ್ತ, ಆಮ್ಯಾಲೆ ರೊಟ್ಟಿ ಸಿಗಂಗಿಲ್ಲ." ಈ ಮಾತಿನಲ್ಲಿ ಸ್ಥಳದೊಡನೆ ಹೊತ್ತೂ ಬಂದಿತು.

ಪ್ರಾತಃಕಾಲದಿಂದ ತೊಡಗುವುದಾದರೆ, ಬಳ್ಳಾರಿಯ ಬೆಳಗಿನ ಆಹಾರ ಇಡ್ಲಿಯಲ್ಲ, ಒಗ್ಗರಣೆ ಮತ್ತು ಮಿರ್ಚಿ. ಮಂಡಾಳನ್ನು, ಎಂದರೆ ಮಂಡಕ್ಕಿಯನ್ನು, ನೀರಿನಲ್ಲಿ ಅದ್ದಿ, ಅದು ಮೆತ್ತಗಾದರೂ ಮುದ್ದೆಯಾಗುವ ಮೊದಲೇ ಹಿಂಡಿ ತೆಗೆದು, ಎಣ್ಣೆಯಲ್ಲಿ ಬಾಡಿದ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕರಿಬೇವು, ಅರಿಶಿನಗಳ ಮೇಲೆ ಸುರಿದು, ಪುಟಾಣಿಯ ಪುಡಿಯನ್ನು ಉದುರಿಸಿ, ಎರಡು ಬಾರಿ ಮಗುಚಿ, ನಿಂಬೆಯ ರಸ ಹಿಂಡಿ ಇಳಿಸುವ ಈ ತಿಂಡಿ ನೋಡಲು ಅತಿ ಸರಳವಾದುದು. ಆದರೆ ಇದರ ಆಯುಷ್ಯ ಅಲ್ಪ. ಇಳಿಸಿದೊಡನೆ ತಿಂದರೆ ಒಂದೊಂದು ಮಂಡಾಳೂ ಬಿಡಿಬಿಡಿಯಾಗಿ, ಹೊರಗೆ ಮೃದುವಾಗಿ, ಒಳಗೆ ತುಸು ಸತ್ತ್ವವುಳ್ಳದ್ದಾಗಿರುತ್ತದೆ. ಅರ್ಧ ಗಂಟೆ ಕಳೆಯಿತೆಂದರೆ ತೇವವೆಲ್ಲ ಸಮನಾಗಿ ಹರಡಿ ಇಡೀ ಪಾತ್ರೆಯೇ ಒಂದು ಗಡ್ಡೆಯಾಗುತ್ತದೆ. ಒಳ್ಳೆಯ ಬಂಡಿಯವನು ದೊಡ್ಡ ಕೊಪ್ಪರಿಗೆಯಲ್ಲಿ ಒಮ್ಮೆಗೇ ಮಾಡಿಡದೆ ಸಣ್ಣ ಬಾಣಲೆಯಲ್ಲಿ ಮತ್ತೆ ಮತ್ತೆ ಮಾಡುವುದು ಇದಕ್ಕಾಗಿಯೇ. ಜೊತೆಗಿರುವ ಮಿರ್ಚಿಯನ್ನೂ ಹಾಗೆಯೇ ಪರೀಕ್ಷಿಸಬಹುದು: ಉದ್ದನೆಯ ಕಾಯಿಯನ್ನು ಸೀಳಿ, ಒಳಗೆ ಉಪ್ಪು, ಹುಣಿಸೆ, ಜೀರಿಗೆ ಸವರಿ, ಕಡಲೆಹಿಟ್ಟಿನಲ್ಲಿ ಅದ್ದಿ ಕರಿದಾಗ, ಹಿಟ್ಟು ಕಾಯಿಯನ್ನು ಬಿಟ್ಟು ನಿಲ್ಲದೆ ಅಂಟಿಕೊಂಡಿದ್ದರೆ, ಕಾಯಿ ಬೆಂದೂ ತನ್ನ ಹಸಿರನ್ನು ಉಳಿಸಿಕೊಂಡಿದ್ದರೆ, ಆ ಕೈ ಪಳಗಿದ ಕೈ. ಹತ್ತು ಗಂಟೆಯ ಮೇಲೆ ಹೋದವನಿಗೆ ಉಳಿಯುವುದು ತಣ್ಣನೆಯ ಮಿರ್ಚಿಯೂ ಗಡ್ಡೆಗಟ್ಟಿದ ಒಗ್ಗರಣೆಯೂ.

ಇದೇ ತಿಂಡಿಯನ್ನು ಅನಂತಪುರ, ಕರ್ನೂಲುಗಳ ತೆಲುಗರು ಉಗ್ಗಾಣಿ ಎಂದು ಕರೆದು ಅಷ್ಟೇ ಪ್ರೀತಿಯಿಂದ ತಿನ್ನುತ್ತಾರೆ. 1800ರಲ್ಲಿ ನಿಜಾಮನು ಇಂಗ್ಲಿಷರಿಗೆ ಬಿಟ್ಟುಕೊಟ್ಟ ಸೀಮೆಯಲ್ಲಿ ಸೇರಿ, ಒಂದೂವರೆ ಶತಮಾನ ಮದರಾಸಿನ ಆಡಳಿತದಲ್ಲಿದ್ದ ಬಳ್ಳಾರಿ ಜಿಲ್ಲೆಯು 1953ರ ಅಕ್ಟೋಬರ್ 1ರಂದು ಒಡೆದಾಗ, ಬಳ್ಳಾರಿ, ಸಿರುಗುಪ್ಪ ಮೊದಲಾದ ತಾಲೂಕುಗಳು ಮೈಸೂರಿಗೂ ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೂ ಸೇರಿದವು. ಆ ಗಡಿಯ ವಿಷಯದಲ್ಲಿ ಎಷ್ಟು ವಾದವಿವಾದಗಳು ನಡೆದವೆಂಬುದು ಹಿರಿಯರಿಗೆ ಗೊತ್ತು. ಒಲೆಗಳು ಮಾತ್ರ ಬೇರೆಯಾಗಲಿಲ್ಲ. ಬಳ್ಳಾರಿಯ ಎಲೆಯಲ್ಲಿ ಜೋಳದ ರೊಟ್ಟಿಯೂ ರಾಗಿ ಸಂಗಟಿಯೂ, ಶೇಂಗಾ ಚಟ್ನಿಪುಡಿಯೂ ಬೇಳೆಯ ಪಪ್ಪೂ ನೆರೆಹೊರೆಯವರಂತೆ ಕೂಡಿ ಕುಳಿತಿರುವುದಕ್ಕೆ ಇದೇ ಕಾರಣ. ಇದನ್ನು ಬೆರಕೆಯೆನ್ನದೆ ಈ ಸೀಮೆಯ ಸಂಪತ್ತೆಂದು ಎಣಿಸುವುದೇ ಸರಿ.

ಮಧ್ಯಾಹ್ನ ಖಾನಾವಳಿಯದು. ಇಲ್ಲಿ ತುಸು ನಿಲ್ಲಬೇಕು. ಒಳಗೆ ಹೋದೊಡನೆ ಕುಳಿತುಕೊಳ್ಳದೆ, ಒಲೆಯ ಕಡೆಯಿಂದ ಪಟಪಟನೆ ಸದ್ದು ಬರುತ್ತಿದೆಯೇ ಎಂದು ಮೊದಲು ಕೇಳಿರಿ. ಗೋಧಿಯಲ್ಲಿರುವ ಗ್ಲೂಟೆನ್ ಎಂಬ ಜಿಗುಟಿನ ಅಂಶ ಜೋಳದಲ್ಲಿಲ್ಲದ ಕಾರಣ, ಕುದಿಯುವ ನೀರನ್ನು ಹಿಟ್ಟಿಗೆ ಹೊಯ್ದು, ಅದರ ಪಿಷ್ಟವನ್ನು ಅರೆಬೇಯಿಸಿಯೇ ಅಂಟನ್ನು ತಂದುಕೊಳ್ಳಬೇಕು; ಆ ಅಂಟು ಬಹುಕಾಲ ನಿಲ್ಲುವುದಿಲ್ಲ. ಆದ್ದರಿಂದ ಹಿಟ್ಟನ್ನು ಬೆಳಿಗ್ಗೆಯೇ ನಾದಿಟ್ಟು ಮಧ್ಯಾಹ್ನ ಬಡಿಯುವುದು ಆಗದ ಮಾತು. ಬಲ್ಲ ಹೆಂಗಸು ಒಂದು ಹಿಡಿಯನ್ನು ಮುರಿದು, ಅಂಗೈಯಿಂದ ಒತ್ತಿ ಒತ್ತಿ ನಾದಿ, ಒಣಹಿಟ್ಟನ್ನು ಹರಡಿದ ಹಲಗೆಯ ಮೇಲಿಟ್ಟು ತಟ್ಟತೊಡಗಿದರೆ, ಬಡಿತಕ್ಕೊಮ್ಮೆ ರೊಟ್ಟಿ ತಾನೇ ತಿರುಗುತ್ತ, ಅಂಚು ಎಲ್ಲಿಯೂ ಬಿರಿಯದೆ, ನೋಡನೋಡುತ್ತ ತಟ್ಟೆಯಗಲಕ್ಕೆ ಬೆಳೆಯುತ್ತದೆ. ಎರಡೂ ಕೈಯಲ್ಲಿ ಎತ್ತಿ ಹಂಚಿಗೆ ಹಾಕಿ, ಮೇಲುಮೈಗೆ ಒದ್ದೆ ಬಟ್ಟೆಯಿಂದ ನೀರು ಸವರಿ, ಆ ನೀರು ಆರುವ ಕ್ಷಣಕ್ಕೆ ಮಗುಚಿದರೆ ಒಳಗಿನ ಆವಿಗೆ ಪದರ ಬಿಟ್ಟು ಉಬ್ಬಿ ನಿಲ್ಲುತ್ತದೆ. ಆ ಕ್ಷಣಕ್ಕೂ ನಿಮ್ಮ ಬಾಯಿಗೂ ನಡುವೆ ಎಷ್ಟು ಕಡಿಮೆ ಹೊತ್ತು ಕಳೆಯಿತೋ ಅಷ್ಟರಮಟ್ಟಿಗೆ ಆ ಖಾನಾವಳಿ ಉತ್ತಮ. "ಬಿಸಿದು ಬರಾಕತ್ತೈತಿ, ತಡೀರಪ್ಪಾ," ಎಂದು ಬಡಿಸುವಾಕೆ ಹೇಳಿದರೆ ತಡೆಯಿರಿ. ಕಾಯಿಸುವ ಮನೆಯೇ ಸರಿಯಾದ ಮನೆ.

ರೊಟ್ಟಿಯೊಡನೆ ಬರುವ ಪಲ್ಯಗಳು ಋತುವನ್ನು ಅನುಸರಿಸುತ್ತವೆಯೇ ಎಂಬುದು ಎರಡನೆಯ ಪರೀಕ್ಷೆ. ಮುಳಗಾಯಿಯ ಎಣ್ಣೆಗಾಯಿ ಎಲ್ಲ ಕಾಲಕ್ಕೂ ಉಂಟು. ಆದರೆ ಹೆಸರುಕಾಳು, ಮಡಿಕೆ, ಪುಂಡಿಸೊಪ್ಪು, ಹಸಿ ಮೆಂತ್ಯ, ಸೌತೆ, ಇವುಗಳಲ್ಲಿ ಮಾರುಕಟ್ಟೆಗೆ ಅಂದು ಬಂದುದು ಎಲೆಗೂ ಬಂದಿದ್ದರೆ, ಆ ಮನೆಯ ಯಜಮಾನ ಬೆಳಿಗ್ಗೆ ತಾನೇ ಸಂತೆಗೆ ಹೋಗುತ್ತಾನೆಂದು ತಿಳಿಯಬಹುದು. ಗುರೆಳ್ಳಿನ ಪುಡಿ, ಕೆಂಪು ಮೆಣಸಿನಕಾಯಿಯ ಚಟ್ನಿ, ಗಟ್ಟಿ ಮೊಸರು ಕೇಳದೆಯೇ ಬರಬೇಕು. ನೂರು ಬಗೆಯ ಖಾದ್ಯಗಳ ಪಟ್ಟಿಯನ್ನು ಕೈಗಿಡುವ ಹೋಟೆಲಿನಲ್ಲಿ ಈ ಪದಾರ್ಥಗಳು ಇಷ್ಟು ತಾಜಾ ಆಗಿ ದೊರೆಯುವುದನ್ನು ನಾನು ಕಂಡಿಲ್ಲ. ನೂರನ್ನು ಸಿದ್ಧವಾಗಿಡಬೇಕಾದವನು ಬಹುಪಾಲನ್ನು ಶೈತ್ಯಪೆಟ್ಟಿಗೆಯಲ್ಲಿಯೇ ಇಡಬೇಕಷ್ಟೆ.

ಮಾಂಸಾಹಾರಿಗಳು ಹಳೆಯ ದಂಡಿನ ಪ್ರದೇಶವಾದ ಕೌಲ್ ಬಜಾರಿನ ಕಡೆಗೆ ನಡೆಯಬೇಕು. ಅಲ್ಲಿಯೂ ನಿಯಮವೊಂದೇ: ಬಿರಿಯಾನಿಯ ಹಂಡೆ ಮಧ್ಯಾಹ್ನ ತೆರೆದು ಬೇಗನೆ ಬರಿದಾಗುವ ಕಡೆ ಉಣ್ಣಿರಿ, ರಾತ್ರಿಯವರೆಗೂ ಮುಗಿಯದ ಕಡೆ ಬೇಡ.

ಬಳ್ಳಾರಿಯಿಂದ ಉತ್ತರಕ್ಕೆ ಹೊರಟು ಸಿರುಗುಪ್ಪ ಸಮೀಪಿಸಿದಂತೆ ಎಲೆಯ ಸ್ವರೂಪವೇ ಬದಲಾಗುತ್ತದೆ. ಎರೆಹೊಲದ ಜೋಳ ಹಿಂದೆ ಉಳಿದು, ಎರಡೂ ಪಕ್ಕಕ್ಕೆ ಗದ್ದೆಗಳು ಕಾಣತೊಡಗುತ್ತವೆ. ತುಂಗಭದ್ರೆಯ ದಡದ ಈ ಊರಿಗೆ ವಿಜಯನಗರದ ಕಾಲದ ಕಾಲುವೆಗಳ ನೀರು ಮೊದಲೇ ಇದ್ದಿತು. 1953ರಲ್ಲಿ ಅದೇ ನದಿಯ ಹೊಸ ಜಲಾಶಯದ ನೀರು ಹರಿಯತೊಡಗಿದ ಮೇಲೆ ನೆಲ ಬತ್ತದ ಕಣಜವಾಯಿತು, ಕರಾವಳಿ ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡು ನೆಲಸಿದರು, ಅಕ್ಕಿಯ ಗಿರಣಿಗಳು ಎದ್ದವು. ಸಿರುಗುಪ್ಪದ ಒಳ್ಳೆಯ ಊಟದ ಮನೆಯನ್ನು ಅದರ ಅನ್ನದಿಂದಲೇ ಅಳೆಯಬೇಕು. ಸೋನಾ ಮಸೂರಿಯನ್ನು ಬೆಳೆಯುವ ಊರಿನಲ್ಲಿ ಅನ್ನವನ್ನು ಕೆಡಿಸುವವನಿಗೆ ಕ್ಷಮೆಯಿಲ್ಲ. ಹಳೆಯ ಅಕ್ಕಿಯ ಅನ್ನ ಅಗುಳು ಬಿಡಿಸಿಕೊಂಡಿರಬೇಕು, ಪಪ್ಪು ಹಾಕಿದರೆ ಹೀರಿಕೊಳ್ಳಬೇಕು, ಪುಡಿ ತುಪ್ಪ ಕಲಸಿದರೆ ಮುದ್ದೆಯಾಗಬಾರದು. ಬಳ್ಳಾರಿಯ ಖಾನಾವಳಿಯಲ್ಲಿ ಬೇಳೆ ಮತ್ತು ನುಚ್ಚಿನೊಡನೆ ಪಲ್ಯವಾಗಿ ಬೆಂದ ಪುಂಡಿಸೊಪ್ಪು ಇಲ್ಲಿ ಎಣ್ಣೆಯಲ್ಲಿ ಬಾಡಿದ ಹುಳಿ ಪಚ್ಚಡಿಯಾಗಿ ಅನ್ನದ ಮೊದಲ ತುತ್ತಿಗೆ ಬರುತ್ತದೆ. ಗಿರಣಿಗಳ ಆಸುಪಾಸಿನ ಸಣ್ಣ ಮೆಸ್ಸುಗಳಲ್ಲಿ, ಕೆಲಸಗಾರರು ಬಿಡುವಾಗುವ ಹೊತ್ತಿಗೆ ಹೋದರೆ, ಎರಡನೆಯ ಸಲ ಅನ್ನ ಬಡಿಸುವಾಗ ಯಾರೂ ಕೈ ಹಿಡಿಯುವುದಿಲ್ಲ.

ಇದೇ ಜಿಲ್ಲೆಯ ಕುರುಗೋಡಿನಲ್ಲಾದರೋ ಹುಡುಕುವಷ್ಟು ಹೋಟೆಲುಗಳಿಲ್ಲ. ಬೆಟ್ಟಗಳ ಅಡಿಯಲ್ಲಿ, ಏಕಶಿಲೆಯ ಬೃಹತ್ ನಂದಿಯಾದ ದೊಡ್ಡಬಸವೇಶ್ವರನ ಆಶ್ರಯದಲ್ಲಿರುವ ಈ ಊರಿಗೆ ಜನ ದರ್ಶನಕ್ಕೆ ಬಂದು, ಮಿರ್ಚಿ, ಪಡ್ಡು, ಚಹಾ ಮುಗಿಸಿ ಹೊರಡುತ್ತಾರೆ. ಆದರೆ ಸುತ್ತಣ ಹೊಲಗಳಲ್ಲಿ ಬೆಳೆಯುವ ಮೆಣಸಿನಕಾಯಿ ಲಾರಿಗಳಲ್ಲಿ ತುಂಬಿ ಬ್ಯಾಡಗಿಯ ಮಾರುಕಟ್ಟೆಗೆ ಹೋಗುತ್ತದೆಂಬುದನ್ನು ನೆನೆದರೆ, ಅಲ್ಲಿನ ಅಂಗಡಿಯ ಕೆಂಪು ಚಟ್ನಿಗೆ ಏಕೆ ಅಷ್ಟು ಬಣ್ಣವೆಂಬುದು ತಿಳಿಯುತ್ತದೆ. ಹೋಳಿಹುಣ್ಣಿಮೆಯ ಸುಮಾರಿಗೆ ನಡೆಯುವ ರಥೋತ್ಸವದಲ್ಲಿ ಮಂಡಾಳಿನ ರಾಶಿಗಳೂ ಮಿರ್ಚಿಯ ಬಾಣಲೆಗಳೂ ಬೀದಿಯುದ್ದಕ್ಕೂ ಸಾಲುಗೊಳ್ಳುತ್ತವೆ; ಆಗ ಹೋದವನು ಅದೃಷ್ಟವಂತ.

ಬಣ್ಣದ ಮಾತು ಬಂದುದರಿಂದ ಒಂದು ಎಚ್ಚರಿಕೆ. ಕೆಂಪೆಲ್ಲ ಮೆಣಸಿನಕಾಯಿಯದಲ್ಲ. ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನು ಕರ್ನಾಟಕ ಸರ್ಕಾರವು 2024ರ ಮಾರ್ಚಿನಲ್ಲಿ ನಿಷೇಧಿಸಿತು, ಕೆಲ ತಿಂಗಳಲ್ಲಿ ಕಬಾಬಿಗೂ ಆ ನಿಷೇಧವನ್ನು ವಿಸ್ತರಿಸಿತು. ಬೆರಳಿಗೆ ಹತ್ತಿದ ಕೆಂಪು ತೊಳೆದರೂ ಹೋಗದಿದ್ದರೆ ಆ ಬಂಡಿಯನ್ನು ಬಿಡಿರಿ. ಕರಿಯುವ ಎಣ್ಣೆ ಕಪ್ಪಾಗಿ ನೊರೆಯೆದ್ದಿದ್ದರೂ ಅಂತೆಯೇ. 2006ರ ಆಹಾರ ಸುರಕ್ಷತೆ ಕಾಯಿದೆಯ ಪ್ರಕಾರ ಬಂಡಿಯವನಿಂದ ಹಿಡಿದು ದೊಡ್ಡ ಹೋಟೆಲಿನವರೆಗೆ ಎಲ್ಲರೂ ನೋಂದಣಿಯನ್ನೋ ಪರವಾನಗಿಯನ್ನೋ ಪಡೆದು, ಅದರ ಹದಿನಾಲ್ಕು ಅಂಕಿಗಳ ಸಂಖ್ಯೆಯನ್ನು ಕಾಣುವಂತೆ ಇಡಬೇಕು, ಕೇಳಿದರೆ ತಪ್ಪಲ್ಲ.

ಇನ್ನು ಓದುಗರಲ್ಲಿ ಒಂದು ವಿನಂತಿ. ರೊಟ್ಟಿ ಬಡಿಯುವ ಹೆಂಗಸರು, ಬಳ್ಳಾರಿಯ ಬೇಸಿಗೆ ನಲವತ್ತು ಡಿಗ್ರಿಯನ್ನು ದಾಟಿದ ದಿನಗಳಲ್ಲಿಯೂ, ಹಂಚಿನ ಮುಂದೆಯೇ ಗಂಟೆಗಟ್ಟಲೆ ಕುಳಿತಿರುತ್ತಾರೆ. ಈ ಊಟವೆಲ್ಲ ನಿಂತಿರುವುದು ಅವರ ಕೈಯ ಮೇಲೆ. ಖಾನಾವಳಿಯ ಯಜಮಾನನು ರೊಟ್ಟಿಯೂಟದ ಬೆಲೆಯನ್ನು ಹತ್ತು ರೂಪಾಯಿ ಏರಿಸಿದನೆಂದು ಜಗಳವಾಡಬೇಡಿರಿ, ಆ ಹತ್ತು ಆ ಕೈಗಳಿಗೆ ಸೇರುತ್ತದೆಯೇ ಎಂದು ವಿಚಾರಿಸಿರಿ. ಮತ್ತು ಒಂದೂವರೆಯೊಳಗೆ ಬನ್ನಿರಿ.