ಗದ್ದೆಯ ಮೇಲೆ ಎತ್ತಿದ ಹೆಡೆ

ಕುಮಟಾ ತಾಲ್ಲೂಕಿನ ಮಾಣಿಕಟ್ಟದ ಬದಿಗೆ ಹೋದರೆ ಅಘನಾಶಿನಿಯ ಗಜನಿ ಭೂಮಿ ಕಣ್ಣಿಗೆ ಬೀಳುತ್ತದೆ. ಉಪ್ಪುನೀರು ನುಗ್ಗದಂತೆ ಹಾಕಿದ ಮಣ್ಣಿನ ಕಟ್ಟೆ, ಒಳಗೆ ಕಾಲುವೆಗಳ ಗೆರೆ, ನಡುವೆ ಕಗ್ಗ ಭತ್ತದ ಗದ್ದೆ. ಪ್ರಾಚೀನ ಈಜಿಪ್ಟಿನ ಚಿತ್ರಲಿಪಿಯ ಒಂದು ಅಕ್ಷರವೂ ಹೀಗೇ ಇದೆ. ಅಡ್ಡ, ಉದ್ದ ಕಾಲುವೆಗಳು ಹಾಯ್ದ ಭೂಮಿಯ ತುಂಡು ಅದು. ಅದನ್ನು 'ಸೆಪತ್' ಎಂದು ಓದುತ್ತಾರೆ, ಪ್ರಾಂತ ಎಂದರ್ಥ.

ನೈಲ್ ದಂಡೆಯಲ್ಲಿ ಇಂಥ ಪ್ರಾಂತಗಳು ದಕ್ಷಿಣಕ್ಕೆ 22, ಉತ್ತರಕ್ಕೆ 20 ಎಂದು ಸಾಂಪ್ರದಾಯಿಕ ಲೆಕ್ಕ. ಒಂದೊಂದಕ್ಕೂ ಒಂದು ಲಾಂಛನ: ಒಂದಕ್ಕೆ ಮೊಲ, ಇನ್ನೊಂದಕ್ಕೆ ಹುಲ್ಲೆ ಜಾತಿಯ ಓರಿಕ್ಸ್. ದಕ್ಷಿಣದ ಹತ್ತನೆಯ ಪ್ರಾಂತ 'ವಾಜೆತ್' ಹೆಡೆಯೆತ್ತಿದ ನಾಗರವನ್ನು ಧ್ವಜಕ್ಕೇರಿಸಿತ್ತು. ಆ ಹೆಸರಿನ ಮೂಲದಲ್ಲಿರುವ ಪದಕ್ಕೆ ಹಸಿರು ಎಂಬ ಅರ್ಥವಿದೆ. ನೆರೆ ಇಳಿದ ಮೇಲೆ ಮೆಕ್ಕಲುಮಣ್ಣಿನಿಂದ ಮೇಲೆದ್ದ ಹಸಿರು, ಫರೋಹನ ಹಣೆಯ ಮೇಲೆ ಕಾವಲಿಗೆ ನಿಂತ ಸರ್ಪ, ಎರಡೂ ಆ ಒಂದು ಹೆಸರಿನಲ್ಲಿ ಸೇರಿವೆ. ಸುಮಾರು 3,900 ವರ್ಷಗಳ ಹಿಂದೆ ಒಂದನೆಯ ಸೆನುಸ್ರೆತ್ ದೊರೆ ಕಾರ್ನಾಕ್‌ನಲ್ಲಿ ಕಟ್ಟಿಸಿದ ಬಿಳಿಗಲ್ಲಿನ ಮಂಟಪದಲ್ಲಿ ಪ್ರಾಂತಗಳ ಪಟ್ಟಿಯಿದೆ. ಅಲ್ಲಿ ಲಾಂಛನದ ಜೊತೆಗೇ ಭೂಮಿಯ ಅಳತೆ, ನೆರೆಯ ಎತ್ತರದ ಲೆಕ್ಕವೂ ಇದೆ.

ಭಟ್ಕಳ, ಹೊನ್ನಾವರ, ಕುಮಟಾ ಕೂಡ ಒಂದು ಕಾಲದಲ್ಲಿ ಒಂದೇ ನಾಡಿನ ಭಾಗ. ಶಾಸನಗಳಲ್ಲಿ ಬನವಾಸಿ 12,000, ಪಾನುಂಗಲ್ಲು 500ರ ಜೊತೆ ಬರುವ ಹೈವೆ 500 ಆ ನಾಡು. ನಮ್ಮಲ್ಲಿ ಲಾಂಛನ ಅರಸುಮನೆಯ ಸೊತ್ತಾಗಿತ್ತು. ಕದಂಬರು ಬಂದಾಗ ಸಿಂಹ, ವಿಜಯನಗರ ಬಂದಾಗ ವರಾಹ. ವಂಶ ಅಳಿದಾಗ ಗುರುತೂ ಅಳಿಯಿತು. ಈಜಿಪ್ಟಿನಲ್ಲಿ ಹಾಗಾಗಲಿಲ್ಲ. ರೋಮನ್ನರ ಆಳ್ವಿಕೆಯಲ್ಲೂ ಅಲೆಕ್ಸಾಂಡ್ರಿಯಾದ ಟಂಕಸಾಲೆ ಪ್ರಾಂತಗಳ ಹೆಸರಿನಲ್ಲಿ ನಾಣ್ಯ ಹೊರಡಿಸಿತು.

ಹಾಗಾದರೆ ಹೈವೆಯಲ್ಲಿ ಅರಸರನ್ನು ಮೀರಿ ಉಳಿದ ಗುರುತು ಯಾವುದು? ನನ್ನ ಉತ್ತರ: ನಾಗ. ಹೈವೆ ಎಂದರೆ ಹಾವಿನ ನಾಡು ಎಂದು ಅರ್ಥ ಹೇಳುವವರಿದ್ದಾರೆ. ಹವ್ಯಕರ ಪೂರ್ವಿಕರನ್ನು ಕದಂಬ ಮಯೂರ ಅಹಿಚ್ಛತ್ರದಿಂದ ಕರೆತಂದನೆಂಬ ಐತಿಹ್ಯದಲ್ಲೂ 'ಅಹಿ' ಇದೆ. ಅಹಿ ಎಂದರೆ ಹಾವು. ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆಯ ಬಸದಿಯಲ್ಲಿ ಪಾರ್ಶ್ವನಾಥನಿಗೆ ಹೆಡೆಯೇ ಕೊಡೆ, ಹಾವೇ ಲಾಂಛನ. ಇದೇ ಗೇರುಸೊಪ್ಪೆಯ ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಆಳ್ವಿಕೆ ಮುಗಿದು ನಾಲ್ಕು ಶತಮಾನ ದಾಟಿದೆ. ಆದರೆ ಅಶ್ವತ್ಥದ ಬುಡದ ನಾಗರಕಲ್ಲಿಗೆ ಹಾಲು, ಅರಿಸಿನ ಇನ್ನೂ ತಪ್ಪಿಲ್ಲ. ನಾಗರಪಂಚಮಿಯಂದು ರೈತ ನೆಲ ಅಗೆಯುವುದಿಲ್ಲ, ಬನದ ಮರಕ್ಕೆ ಕೊಡಲಿ ಹಾಕುವುದಿಲ್ಲ. ಯಾವ ರಾಜಮುದ್ರೆಗೆ ಇಷ್ಟು ದೀರ್ಘ ವಿಧೇಯತೆ ಸಿಕ್ಕಿತು?

ಸೆಪತ್ ಅಕ್ಷರವನ್ನು ಮತ್ತೆ ನೋಡಬೇಕು. ಅನೇಕ ಕಡೆ ಲಾಂಛನದ ಕಂಬ ನೆಟ್ಟಿರುವುದು ಆ ಕಾಲುವೆ ಹಾಯ್ದ ನೆಲದ ಮೇಲೆ. ಮೇಲೆ ದೇವರು, ಕೆಳಗೆ ಗದ್ದೆ. ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸರ್ ಜೌಗುಪ್ರದೇಶದ ಮಾನ್ಯತೆ ಬಂದಿದೆ. ಆದರೂ ಕಟ್ಟೆ ಒಡೆದು, ಸಿಗಡಿ ಹೊಂಡವಾಗಿ, ಪಾಳುಬಿದ್ದ ಗಜನಿಯೇನು ಕಡಿಮೆಯಿಲ್ಲ. ನಾಗನಿಗೆ ಹಾಲೆರೆಯುವ ನಾವು ಅವನು ಕಾಯುವ ನೆಲದ ಕಟ್ಟೆಗೂ ಒಂದು ಬುಟ್ಟಿ ಮಣ್ಣು ಹಾಕಬೇಕು. ಕಗ್ಗ ಉಪ್ಪಿನಲ್ಲೂ ತಲೆಯೆತ್ತಿ ನಿಲ್ಲುವ ತನಕ ಹೈವೆಯ ಹೆಡೆಯೂ ಬಾಗದು.