ಲಕ್ಷ್ಮಿ ಫೋಟೊಗೆ ನಿಂತಾಗ

ಅಂಗಡಿ ಗೋಡೆ ಮೇಲಿರೋ ಕ್ಯಾಲೆಂಡರ್ ಲಕ್ಷ್ಮಿ ನೋಡಿದ್ದೀರಲ್ಲ?
ರೇಷ್ಮೆ ಸೀರೆ, ಕಮಲ, ಪಕ್ಕದಲ್ಲಿ ಆನೆ.
ಈ ರೂಪ ಯಾರು ಕೊಟ್ಟಿದ್ದು?

ಚಿತ್ರಕಾರ ರಾಜಾ ರವಿವರ್ಮ.
1894ರಲ್ಲಿ ಮುಂಬೈನಲ್ಲಿ ಚಿತ್ರ ಮುದ್ರಿಸೋ ಪ್ರೆಸ್ ಹಾಕಿದ್ರು.
ದೇವಿ ಮನೆಮನೆಗೆ ಬಂದಳು.
ಜೊತೆಗೇ, ಹೆಣ್ಣು ಅಂದ್ರೆ ಹೀಗಿರಬೇಕು ಅನ್ನೋ ಅಚ್ಚೂ ಬಂತು.

ಆ ಅಚ್ಚಿನೊಳಗೆ ತಾವೇ ಹೊಕ್ಕವರು
ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್.

2000ದಿಂದ 2004.
ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಒಂದು ಸರಣಿ.
ವೇಷ ಹಾಕಿ ನಿಂತವರು ಪುಷ್ಪಮಾಲಾ ಅವರೇ.
ಒಮ್ಮೆ ರವಿವರ್ಮನ ಲಕ್ಷ್ಮಿ.
ಒಮ್ಮೆ ದಖನಿ ಚಿತ್ರದ ಯೋಗಿನಿ.
ಒಮ್ಮೆ ಪೇಪರ್‌ನಲ್ಲಿ ಬಂದ ಆರೋಪಿ.

ಹಿಂದೆ ಬಣ್ಣದ ಪರದೆ,
ನಾಟಕ ಕಂಪನಿ ಸೆಟ್ ಥರ.
ಸೆಟ್ ಅನ್ನೋದನ್ನ ಮುಚ್ಚಿಡಲ್ಲ.

ಮುಖ ಒಂದೇ.
ವೇಷ ನೋಡಿ ಒಬ್ಬಳಿಗೆ ಕೈಮುಗೀತೀವಿ,
ಇನ್ನೊಬ್ಬಳ ಕಡೆ ಬೆರಳು ತೋರಿಸ್ತೀವಿ.
ತೀರ್ಪು ಕೊಡ್ತಿರೋದು ನಮ್ಮ ಕಣ್ಣು.