ರಾಗಿಯ ತವರು

ಕಾತ್ರಜದ ದಿನಸಿ ಅಂಗಡಿಯಲ್ಲಿ ‘ನಾಚಣಿ’ ಎಂಬ ಹೆಸರಿನಿಂದ ದೊರೆಯುವ ಧಾನ್ಯವೇ ಕನ್ನಡಿಗರ ರಾಗಿ. ಇದರ ಮೂಲ ತವರು ಪೂರ್ವ ಆಫ್ರಿಕದ ಎತ್ತರದ ಪ್ರದೇಶ. ಅಲ್ಲಿನ ಕಾಡುಹುಲ್ಲಿನ ಕಾಳು ಮಾಗಿದೊಡನೆ ಉದುರಿಹೋಗುತ್ತಿತ್ತು. ಉದುರದೆ ತೆನೆಯಲ್ಲಿಯೇ ಉಳಿದ ಕಾಳನ್ನು ಮಾನವನು ಕೊಯ್ದು ಬಿತ್ತುತ್ತ ಬಂದುದರಿಂದ ಕಾಲಕ್ರಮದಲ್ಲಿ ಹುಲ್ಲು ಬೆಳೆಯಾಯಿತು. ಸಸ್ಯವಿಜ್ಞಾನಿಗಳಾದ ಹಿಲೂ ಮತ್ತು ಡಿ ವೆಟ್ 1976ರಲ್ಲಿ ಈ ವಂಶವೃತ್ತಾಂತವನ್ನು ವಿವರಿಸಿದರು.

ದೀರ್ಘಕಾಲ ಅಗಲಿದ್ದ ಈ ಬಳಗವನ್ನು ಮಂಡ್ಯದ ವಿ.ಸಿ. ಫಾರಂನಲ್ಲಿ ಮರಳಿ ಕೂಡಿಸಿದವರು ‘ರಾಗಿ’ ಲಕ್ಷ್ಮಣಯ್ಯನವರು. ರಾಗಿಯ ಅತಿ ಸೂಕ್ಷ್ಮವಾದ ಹೂಗಳಲ್ಲಿ ಸಂಕರವನ್ನು ಸಾಧಿಸಿ, ಭಾರತದ ಹಾಗೂ ಆಫ್ರಿಕದ ತಳಿಗಳನ್ನು ಬೆಸೆದು, ಅಧಿಕ ಇಳುವರಿಯ ‘ಇಂಡಾಫ್’ ತಳಿಗಳನ್ನು ರೈತರಿಗಿತ್ತರು.

100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮಿಗಿಲಾದ ಕ್ಯಾಲ್ಸಿಯಂ ಇದೆ. ಅಕ್ಕಿ, ಗೋಧಿಗಳಲ್ಲಿ ಅಷ್ಟಿಲ್ಲ. ಪರನಾಡಿನಲ್ಲಿ ಬೆಳೆಯುತ್ತಿರುವ ಮಕ್ಕಳ ತಟ್ಟೆಯಿಂದ ಮುದ್ದೆ ಮರೆಯಾಗದಿರಲಿ.